ಕಾಲ್ಚೆಂಡಿನಾಟ: ಮೈಸೂರಿನ ವಿಜಯಗಳು ಮತ್ತು ನಮ್ಮ ಕಾಲೇಜುಗಳು



ಮಠದ ಪತ್ರಿಕೆಯಲ್ಲಿ ಕಾಲ್ಚೆಂಡಿನಾಟದ ಚರಿತ್ರೆಯೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಚಿಕ್ಕಬಳ್ಳಾಪುರದಿಂದ ಬೆಂಗಳೂರು ಸುಮಾರು 60 ಕಿಲೋಮೀಟರ್ ದೂರವಷ್ಟೆ. ಅಲ್ಲಿ ಒಲಿಂಪಿಕ್ ಆಟಗಾರರನ್ನೇ ಬೆಳೆಸಿದ ಈ ಆಟ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಕಾಲೇಜುಗಳಲ್ಲಿ ಏಕೆ ಬೇರೂರಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಲು ಚರಿತ್ರೆಯನ್ನೇ ನೋಡಬೇಕು.

1809ರಲ್ಲಿ ಸ್ಥಾಪಿತವಾದ ಬೆಂಗಳೂರು ದಂಡಿನ ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಈ ಆಟವನ್ನು ಸುತ್ತಲಿನ ಬಡ ಬಡಾವಣೆಗಳ ಹುಡುಗರು ನೋಡಿ ಕಲಿತರು, ಬರಿಗಾಲಿನಲ್ಲಿ ಆಡಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. ಆವರೆಗೆ ಸೈನಿಕ ತಂಡಗಳ ಸ್ವತ್ತಾಗಿದ್ದ ಆ ಕಪ್ಪು ಭಾರತೀಯ ನಾಗರಿಕ ತಂಡವೊಂದರ ಕೈಸೇರಿದ್ದು ಅದೇ ಮೊದಲು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಪ್ರಥಮ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ಪಂದ್ಯದಲ್ಲಿ ನಮ್ಮವರಿಗೆ ದೊರೆತ ಎರಡು ಪೆನಾಲ್ಟಿ ಹೊಡೆತಗಳು ವ್ಯರ್ಥವಾಗಿ, ಭಾರತ 1–2ರಿಂದ ಸೋತಿತು. ಸೋತರೂ ಆ ಬರಿಗಾಲಿನ ತಂಡವನ್ನು ಜಗತ್ತು ಮೆಚ್ಚಿತು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮತ್ತು ಧನರಾಜ್ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವರು’ ಎಂದೇ ಹೆಸರಾದ ಐವರ ಪೈಕಿ ಇಬ್ಬರು.

ಇನ್ನು ಸಂತೋಷ್ ಟ್ರೋಫಿಯ ವಿಚಾರ. 1941ರಲ್ಲಿ ಆರಂಭವಾದ ಈ ರಾಷ್ಟ್ರೀಯ ಸ್ಪರ್ಧೆಯ ಹೆಸರಿಗೂ ನಮ್ಮ ಸಂತೋಷಕ್ಕೂ ಸಂಬಂಧವಿಲ್ಲ. ಸಂತೋಷ್ ಎಂಬುದು ಇಂದಿನ ಬಾಂಗ್ಲಾದೇಶದಲ್ಲಿರುವ ಒಂದು ಊರು. ಅಲ್ಲಿನ ಮಹಾರಾಜರ ಸ್ಮರಣೆಗೆ ಇಟ್ಟ ಹೆಸರದು. ಮೈಸೂರು ತಂಡ 1946–47, 1952–53, 1967–68 ಹಾಗೂ 1968–69ರಲ್ಲಿ ನಾಲ್ಕು ಸಲ ಅದನ್ನು ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳವೇ! ನಮ್ಮ ಶ್ರೇಷ್ಠ ಆಟಗಾರರನ್ನು ಕಲ್ಕತ್ತೆ ಸೆಳೆದುಕೊಂಡರೂ ಬೆಂಗಳೂರು ಬರಿದಾಗಲಿಲ್ಲ. ಏಕೆಂದರೆ ಅಲ್ಲಿ ವರ್ಷವರ್ಷವೂ ನಡೆಯುವ ಲೀಗ್ ಇತ್ತು; ಎಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳ ತಂಡಗಳಿದ್ದವು. ಇಂದು ಸೋತವನಿಗೆ ಮುಂದಿನ ವಾರ ಮತ್ತೊಂದು ಪಂದ್ಯ ಕಾದಿರುತ್ತಿತ್ತು.

ನಮ್ಮ ಕಾಲೇಜುಗಳಿಗೆ ಇಲ್ಲದ್ದು ಇದೇ. ನಾವು ವ್ಯಾಸಂಗ ಮಾಡುತ್ತಿದ್ದಾಗಿನ ಒಂದು ಸಂಗತಿ ನೆನಪಿಗೆ ಬರುತ್ತದೆ. ನಾವೇನೂ ಆಟಗಾರರಾಗಿರಲಿಲ್ಲ, ಮೈದಾನದ ಗೆರೆಗಳಿಗೆ ಸುಣ್ಣ ಹಾಕಿದವರಲ್ಲಿ ಒಬ್ಬರು. ನಮ್ಮ ಕಾಲೇಜಿನ ತಂಡ ಎರಡು ತಿಂಗಳು ಬೆಳಗಿನ ಜಾವವೆದ್ದು ಅಭ್ಯಾಸ ಮಾಡಿ, ಅಂತರಕಾಲೇಜು ಪಂದ್ಯಾವಳಿಗೆ ಹೋಯಿತು. ಮೊದಲ ಪಂದ್ಯದಲ್ಲೇ ಒಂದು ಗೋಲಿನಿಂದ ಸೋತಿತು. ಸಂಜೆಯ ಬಸ್ಸಿಗೆ ಹುಡುಗರು ಹಿಂದಿರುಗಿದರು. ಅವರ ಆ ವರ್ಷದ ಆಟ ಒಂದೇ ಮಧ್ಯಾಹ್ನಕ್ಕೆ ಮುಗಿದುಹೋಗಿತ್ತು. ಮರುವರ್ಷ ತಂಡ ಕಟ್ಟಲು ಕರೆದಾಗ ಅವರಲ್ಲಿ ಅರ್ಧದಷ್ಟು ಮಂದಿ ಬರಲೇ ಇಲ್ಲ.

ಸೋತವರು ಹೊರನಡೆಯಬೇಕೆಂಬ ಪದ್ಧತಿಯ ಫಲವಿದು. ಎಷ್ಟೇ ತಂಡಗಳಿರಲಿ, ಮೊದಲ ಸುತ್ತಿಗೇ ಅರ್ಧದಷ್ಟು ತಂಡಗಳು ಮನೆಗೆ ಮರಳುತ್ತವೆ. ಕಲಿಯಬೇಕಾದವರೇ ಅವರು; ಕಲಿಯಲು ಅವಕಾಶವಿಲ್ಲದವರೂ ಅವರೇ.

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಸೊಪ್ಪು ಮುಟ್ಟದೆ, ಅಲುಗಾಡದೆ ಇದ್ದು, ಹಳೆಯ ಚರ್ಮವನ್ನು ಕಳಚಿ ಮೇಲೇಳುತ್ತದೆ. ಮೊದಲ ಜ್ವರಕ್ಕೇ ಹುಳುವನ್ನು ತಿಪ್ಪೆಗೆ ಸುರಿದವನಿಗೆ ಗೂಡು ಎಲ್ಲಿಂದ ಬಂದೀತು?

ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವಾಯಿತು. ಆ ಹೊಸ ಹೆಸರಿನಲ್ಲಿ ಸಂತೋಷ್ ಟ್ರೋಫಿ ನಮ್ಮದಾದದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ. 54 ವರ್ಷಗಳ ತರುವಾಯ. ಮೇಘಾಲಯವನ್ನು 3–2ರಿಂದ ಮಣಿಸಿದ ಆ ತಂಡ, ಅಂತಿಮ ಹಂತದ ತನ್ನ ಗುಂಪಿನಲ್ಲಿ ಗಳಿಸಿದ್ದು ಎರಡನೆಯ ಸ್ಥಾನವನ್ನು ಮಾತ್ರ ಎಂಬುದನ್ನು ಗಮನಿಸಿರಿ. ಗುಂಪಿನ ಪದ್ಧತಿ ಆ ತಂಡಕ್ಕೆ ತಿದ್ದಿಕೊಳ್ಳುವ ಅವಕಾಶವನ್ನು ಕೊಟ್ಟಿತು.

ಆದುದರಿಂದ ಹಳೆಯ ವಿದ್ಯಾರ್ಥಿಗಳಾದ ನಿಮ್ಮಲ್ಲಿ ನಮ್ಮದೊಂದು ಕೋರಿಕೆ. ಈ ನಾಲ್ಕು ಊರುಗಳಿಂದ ಒಂದೊಂದು ಕಾಲೇಜು ತಂಡ ಮುಂದೆ ಬಂದು, ಪ್ರತಿಯೊಂದೂ ಉಳಿದ ಮೂರರೊಡನೆ ತನ್ನೂರಿನಲ್ಲೊಮ್ಮೆ, ಅವರೂರಿನಲ್ಲೊಮ್ಮೆ ಆಡಲಿ. ಒಟ್ಟು 12 ಪಂದ್ಯಗಳಾಗುತ್ತವೆ. ಪ್ರತಿ ತಂಡಕ್ಕೂ 6 ದೊರೆಯುತ್ತವೆ. ಸೋತವರಿಗೆ ಹೊರನಡೆಯುವ ಪದ್ಧತಿಯಲ್ಲಾದರೆ ಒಟ್ಟು ಪಂದ್ಯಗಳೇ 3. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳು ಒಂದೇ ರೈಲುಮಾರ್ಗದಲ್ಲಿವೆ, ಗೌರಿಬಿದನೂರಿಗೆ ಬಸ್ಸುಗಳುಂಟು. ಬೇಕಾದದ್ದು ನಾಲ್ಕಾರು ಚೆಂಡುಗಳು, ಹುಡುಗರ ಪ್ರಯಾಣದ ವೆಚ್ಚ, ಮೈದಾನಕ್ಕೆ ಸುಣ್ಣ. ಭಕ್ತರು ಮನಸ್ಸು ಮಾಡಿದರೆ ಇದು ಭಾರವಲ್ಲ.

ಕಪ್ಪನ್ನು ದಾನ ಮಾಡಲು ನಮ್ಮಲ್ಲಿ ಅನೇಕರು ಮುಂದೆ ಬರುತ್ತಾರೆ, ಅದರ ಮೇಲೆ ಹೆಸರು ಕೆತ್ತಿಸಬಹುದು. ಸೋತ ಹುಡುಗನಿಗೆ ಎರಡನೆಯ ಪಂದ್ಯವನ್ನು ದಾನ ಮಾಡುವವರು ವಿರಳ. ಅಂಥವರು ನಿಮ್ಮಿಂದಲೇ ಹೊರಡಲಿ ಎಂದು ಹಾರೈಸುತ್ತೇವೆ.