ಜಾಲಪುಟದ ಕಾಣದ ಸಾಲುಗಳು

ಜಾಲಪುಟವೊಂದನ್ನು ತೆರೆದು ಓದುವವನ ಕಣ್ಣಿಗೆ ಎಂದೂ ಬೀಳದೆ, ಆದರೆ ಆ ಪುಟವನ್ನು ಅವನ ಮುಂದೆ ತಂದಿರಿಸುವ ಬ್ರೌಸರಿಗೂ ಹುಡುಕಿಕೊಡುವ ಶೋಧಯಂತ್ರಕ್ಕೂ ಎಲ್ಲಕ್ಕಿಂತ ಮೊದಲು ಎದುರಾಗುವ ಕೆಲವು ಸಾಲುಗಳು ಪುಟದ ಶಿರೋಭಾಗದಲ್ಲಿ ಅಡಗಿರುತ್ತವೆ. ಕರ್ತೃ ಯಾರು, ವಿಷಯವೇನು, ಅಕ್ಷರಗಳನ್ನು ಯಾವ ಸಂಕೇತಕ್ರಮದಲ್ಲಿ ಬರೆದಿದೆ, ಸೂಚಿಯಲ್ಲಿ ಸೇರಿಸಲು ಅನುಮತಿಯುಂಟೇ ಇಲ್ಲವೇ ಎಂಬಿವೇ ಮೊದಲಾದ ಸಂಗತಿಗಳನ್ನು ಪುಟವು ತನ್ನ ವಿಷಯವಾಗಿ ತಾನೇ ಸಾರಿಕೊಳ್ಳುವ ಈ ಸಾಲುಗಳಿಗೆ ಮೆಟಾ ಟ್ಯಾಗುಗಳೆಂದು ಹೆಸರು. ತನ್ನ ವಿಷಯವಾಗಿ ತಾನೇ ಹೇಳಿಕೊಂಡ ಮಾತಿಗೆ ಲೋಕದಲ್ಲಿ ಎಷ್ಟು ಬೆಲೆಯೋ ಇವಕ್ಕೂ ಅಷ್ಟೇ ಬೆಲೆ. ಮೂವತ್ತು ವರ್ಷಗಳಲ್ಲಿ ಯಾವ ಟ್ಯಾಗಿನಲ್ಲಿ ಸುಳ್ಳಾಡಿದರೆ ಆಡಿದವನಿಗೆ ಲಾಭವಿತ್ತೋ ಅದು ಕೆಟ್ಟಿತು, ಯಾವುದರಲ್ಲಿ ಸುಳ್ಳಾಡಿದರೆ ಅವನಿಗೇ ಹಾನಿಯಿತ್ತೋ ಅದು ಬಾಳಿತು.

ಇವುಗಳಿಗೆ ಶಾಸ್ತ್ರೀಯವಾದ ನೆಲೆ ದೊರೆತುದು ೧೯೯೫ರ ನವೆಂಬರಿನಲ್ಲಿ, ಟಿಮ್ ಬರ್ನರ್ಸ್-ಲೀ ಮತ್ತು ಡಾನ್ ಕಾನಲಿ ಇವರ ಹೆಸರಿನಲ್ಲಿ ಎಚ್‌ಟಿಎಂಎಲ್ ಭಾಷೆಯ ಎರಡನೆಯ ಆವೃತ್ತಿ ಆರ್‌ಎಫ್‌ಸಿ ೧೮೬೬ ಎಂಬ ದಾಖಲೆಯಾಗಿ ಪ್ರಕಟವಾದಾಗ. ಒಂದು ಹೆಸರನ್ನೂ ಅದಕ್ಕೆ ಸಲ್ಲುವ ಮೌಲ್ಯವನ್ನೂ ಜೊತೆಗೂಡಿಸಿ ನಮೂದಿಸುವುದು ಒಂದು ವಿಧಾನವಾದರೆ, ಸರ್ವರು ಪುಟದೊಡನೆ ಕಳುಹಬೇಕಾದ ಎಚ್‌ಟಿಟಿಪಿ ಶಿರೋಲೇಖವನ್ನು ಪುಟದೊಳಗೇ ಬರೆದಿಡುವುದು ಮತ್ತೊಂದು. ಸರ್ವರು ಇದನ್ನು ಓದಿ ಶಿರೋಲೇಖವಾಗಿ ಮಾರ್ಪಡಿಸೀತೆಂಬ ಎಣಿಕೆಯಿತ್ತಾದರೂ ವ್ಯವಹಾರದಲ್ಲಿ ಆ ಹೊಣೆಯನ್ನು ಹೊತ್ತುದು ಬ್ರೌಸರು. ಯಾವ ಯಾವ ಹೆಸರುಗಳನ್ನು ಬಳಸತಕ್ಕದ್ದೆಂಬ ವಿಷಯದಲ್ಲಿ ದಾಖಲೆಯು ನಿರ್ಬಂಧವನ್ನೇನೂ ವಿಧಿಸಲಿಲ್ಲ. ಆ ಔದಾರ್ಯದಿಂದ ಒಳಿತೂ ಬಂದಿತು, ಕೆಡುಕೂ ಬಂದಿತು.

ಅದೇ ವರ್ಷದ ಮಾರ್ಚಿನಲ್ಲಿ ಅಮೆರಿಕದ ಓಹೈಯೋ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ಗ್ರಂಥಪಾಲಕರೂ ಗಣಕಶಾಸ್ತ್ರಜ್ಞರೂ ಒಂದೆಡೆ ಕಲೆತು, ಜಾಲದಲ್ಲಿ ಬೆಳೆಯುತ್ತಿದ್ದ ದಾಖಲೆಗಳ ಅರಣ್ಯಕ್ಕೆ ಒಂದು ಸರಳವಾದ ಸೂಚೀವ್ಯವಸ್ಥೆ ಬೇಕೆಂದು ಆಲೋಚಿಸಿದರು. ಗ್ರಂಥಾಲಯಗಳ ಸಹಕಾರ ಸಂಸ್ಥೆಯಾದ ಓಸಿಎಲ್‌ಸಿ ಮತ್ತು ಗಣಕಶಾಸ್ತ್ರದ ಸಂಶೋಧನ ಕೇಂದ್ರವಾದ ಎನ್‌ಸಿಎಸ್‌ಎ ಜೊತೆಗೂಡಿ ನಡೆಸಿದ ಆ ಗೋಷ್ಠಿಯಿಂದ ಡಬ್ಲಿನ್ ಕೋರ್ ಹುಟ್ಟಿತು. ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಭಾಷೆ, ಹಕ್ಕು ಮುಂತಾದ ಅಂಶಗಳು ಮೊದಲು ೧೩ ಇದ್ದು ಬಳಿಕ ೧೫ ಆದವು. ೧೯೯೯ರಲ್ಲಿ ಇವನ್ನು ಎಚ್‌ಟಿಎಂಎಲ್ ಪುಟದ ಮೆಟಾ ಟ್ಯಾಗುಗಳಲ್ಲಿ ಬರೆಯುವ ಕ್ರಮವು ನಿರೂಪಿತವಾಯಿತು. ೨೦೦೩ರಲ್ಲಿ ಐಎಸ್‌ಒ ೧೫೮೩೬ ಎಂಬ ಅಂತರರಾಷ್ಟ್ರೀಯ ಮಾನಕದ ಪದವಿಯೂ ದೊರೆಯಿತು. ಪುಟವನ್ನು ವರ್ಣಿಸುವವನು ನಿಷ್ಪಕ್ಷಪಾತಿಯಾದ ಗ್ರಂಥಪಾಲಕನಾಗಿರುವನೆಂಬ ನಂಬಿಕೆಯೇ ಈ ವ್ಯವಸ್ಥೆಯ ತಳಹದಿ. ಎಲ್ಲಿ ಆ ನಂಬಿಕೆ ನಿಜವಾಯಿತೋ ಅಲ್ಲಿ ಅದು ಸೊಗಸಾಗಿ ಸಂದಿದೆ: ಕರ್ನಾಟಕದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನೂ ಒಳಕೊಂಡಿರುವ ಶೋಧಗಂಗಾ ಭಂಡಾರವು ನೆಲೆನಿಂತಿರುವುದು ಡಿಸ್ಪೇಸ್ ಎಂಬ ತಂತ್ರಾಂಶದ ಮೇಲೆ, ಡಿಸ್ಪೇಸಿನ ವಿವರಣಕ್ರಮವಾದರೋ ಡಬ್ಲಿನ್ ಕೋರಿನದೇ. ಹೊರಗಿನ ವಿಶಾಲವಾದ ಜಾಲದಲ್ಲಿ ಮಾತ್ರ ಪುಟವನ್ನು ವರ್ಣಿಸುವವನು ಗ್ರಂಥಪಾಲಕನಾಗಿರಲಿಲ್ಲ, ವ್ಯಾಪಾರಿಯಾಗಿದ್ದನು.

೧೯೯೫ರ ಡಿಸೆಂಬರಿನಲ್ಲಿ ಆಲ್ಟಾವಿಸ್ಟಾ ಎಂಬ ಶೋಧಯಂತ್ರವು ಬಂದಿತು. ಅದೂ ಅದರ ಸಮಕಾಲೀನ ಯಂತ್ರಗಳೂ ಕೀವರ್ಡ್ಸ್ ಎಂಬ ಟ್ಯಾಗಿನಲ್ಲಿ ಪುಟದ ಒಡೆಯನು ಬರೆದಿಟ್ಟ ಪದಗಳನ್ನು ಶ್ರದ್ಧೆಯಿಂದ ಓದಿಕೊಳ್ಳುತ್ತಿದ್ದವು. ಕಾಣುವ ಬರಹದಲ್ಲಿ ಆಡಲು ನಾಚುವ ಮಾತನ್ನು ಕಾಣದ ಸಾಲಿನಲ್ಲಿ ನೂರು ಬಾರಿ ಬರೆಯಲು ಯಾರಿಗೂ ಸಂಕೋಚವಾಗಲಿಲ್ಲ. ಒಂದೇ ಪದದ ಪುನರುಕ್ತಿ, ಪುಟಕ್ಕೆ ಸಂಬಂಧವೇ ಇಲ್ಲದ ಜನಪ್ರಿಯ ಹೆಸರುಗಳು, ಕೊನೆಗೆ ಪ್ರತಿಸ್ಪರ್ಧಿಗಳ ವ್ಯಾಪಾರಮುದ್ರೆಗಳು ಕೂಡ ಅಲ್ಲಿ ಬಂದು ಸೇರಿದವು. ವಿವಾದವು ನ್ಯಾಯಾಲಯಗಳನ್ನೇರಿತು. ೧೯೯೯ರಲ್ಲಿ ಅಮೆರಿಕದ ಒಂಬತ್ತನೆಯ ಸರ್ಕ್ಯೂಟಿನ ನ್ಯಾಯಾಲಯವು ಬ್ರೂಕ್‌ಫೀಲ್ಡ್ ಮತ್ತು ವೆಸ್ಟ್ ಕೋಸ್ಟ್ ಕಂಪೆನಿಗಳ ವ್ಯಾಜ್ಯದಲ್ಲಿ, ಪರರ ವ್ಯಾಪಾರಮುದ್ರೆಯನ್ನು ಮೆಟಾ ಟ್ಯಾಗಿನಲ್ಲಿ ಬಳಸುವುದು ಪರರ ಹೆಸರಿನ ಫಲಕವನ್ನು ತನ್ನ ಅಂಗಡಿಯ ಮುಂದೆ ನಿಲ್ಲಿಸಿಕೊಂಡಂತೆ ಎಂದು ಭಾವಿಸಿತು. ಆದರೆ ೨೦೦೨ರಲ್ಲಿ ಅದೇ ನ್ಯಾಯಾಲಯವು, ಪ್ಲೇಬಾಯ್ ಪತ್ರಿಕೆಯಿಂದ ತಾನು ಪಡೆದಿದ್ದ ಬಿರುದನ್ನು ತನ್ನ ತಾಣದ ಮೆಟಾ ಟ್ಯಾಗುಗಳಲ್ಲಿ ನಮೂದಿಸಿದ ಮಹಿಳೆಯೊಬ್ಬಳ ಪಕ್ಷವನ್ನು ಎತ್ತಿಹಿಡಿದು, ಸತ್ಯವಾದ ಆತ್ಮವರ್ಣನೆಗೆ ಅವಕಾಶವುಂಟೆಂದಿತು. ನ್ಯಾಯಾಲಯಗಳು ಇಷ್ಟು ಸೂಕ್ಷ್ಮವಾಗಿ ವಿಚಾರಮಾಡುತ್ತಿದ್ದಂತೆಯೇ ಆ ಟ್ಯಾಗಿನ ಆಯುಸ್ಸು ತೀರುತ್ತ ಬಂದಿದ್ದುದು ವಿನೋದದ ಸಂಗತಿ.

ಏಕೆಂದರೆ ೧೯೯೮ರಲ್ಲಿ ಸ್ಥಾಪಿತವಾದ ಗೂಗಲ್, ಪುಟವು ತನ್ನ ವಿಷಯವಾಗಿ ಏನನ್ನು ಹೇಳಿಕೊಂಡಿದೆ ಎಂಬುದಕ್ಕಿಂತ ಇತರ ಪುಟಗಳು ಕೊಂಡಿಗಳ ಮೂಲಕ ಅದಕ್ಕೆ ಎಷ್ಟು ಸಾಕ್ಷ್ಯ ನುಡಿದಿವೆ ಎಂಬುದನ್ನು ಮುಖ್ಯವಾಗಿ ಗಣಿಸಿತು. ಆಲ್ಟಾವಿಸ್ಟಾ ೨೦೦೨ರಲ್ಲಿ ಕೀವರ್ಡ್ಸ್ ಟ್ಯಾಗನ್ನು ಕೈಬಿಟ್ಟಿತು. ೨೦೦೯ರ ಸೆಪ್ಟೆಂಬರಿನಲ್ಲಿ ಗೂಗಲ್, ಪುಟಗಳ ಶ್ರೇಣಿಯನ್ನು ನಿರ್ಣಯಿಸುವಲ್ಲಿ ತಾನು ಅದನ್ನು ಪರಿಗಣಿಸುವುದೇ ಇಲ್ಲವೆಂದು ಬಹಿರಂಗವಾಗಿ ಸಾರಿತು. ಇಷ್ಟಾದರೂ ಇಂದಿಗೂ ಅನೇಕ ಜಾಲತಾಣಗಳಲ್ಲಿ ಆ ಸಾಲನ್ನು ಭಕ್ತಿಯಿಂದ ತುಂಬುವವರಿದ್ದಾರೆ! ಡಿಸ್ಕ್ರಿಪ್ಷನ್ ಎಂಬ ಇನ್ನೊಂದು ಟ್ಯಾಗು ಬದುಕಿಕೊಂಡಿತು. ಅದರಿಂದ ಶ್ರೇಣಿ ಏರದು. ಫಲಿತಾಂಶದ ಕೆಳಗೆ ಎರಡು ಸಾಲಿನ ಪರಿಚಯವಾಗಿ ಅದು ಕಾಣಿಸಿಕೊಳ್ಳಬಹುದು, ಅಷ್ಟೆ. ಬಹಿರಂಗದಲ್ಲಿ ಕಾಣಬೇಕಾದ ಮಾತಾದುದರಿಂದ ಬರೆಯುವವನಿಗೂ ತುಸು ಎಚ್ಚರವಿರುತ್ತದೆ.

ಕನ್ನಡಿಗರಾದ ನಮಗೆ ಇವೆಲ್ಲಕ್ಕಿಂತ ಹತ್ತಿರದ್ದು ಅಕ್ಷರಗಳ ಸಂಕೇತಕ್ರಮವನ್ನು ತಿಳಿಸುವ ಟ್ಯಾಗು. ೧೯೯೧ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತಾದರೂ, ಆ ದಶಕದ ಕೊನೆಯಲ್ಲಿ ತಲೆಯೆತ್ತಿದ ಕನ್ನಡ ಜಾಲತಾಣಗಳು ಫಾಂಟುಗಳನ್ನೇ ನಂಬಿ ನಡೆದವು. ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ, ಅಕ್ಷರಕ್ರಮ ಪಾಶ್ಚಾತ್ಯವೆಂದೋ ಬಳಕೆದಾರನದೇ ಎಂದೋ ಶಿರೋಭಾಗದಲ್ಲಿ ಘೋಷಿಸುವುದು ಆಗಿನ ರೂಢಿ. ಇದು ಅನಿವಾರ್ಯವಾದ, ಆದರೆ ಅಸತ್ಯವಾದ ಘೋಷಣೆ. ಅದರ ದಂಡವೂ ಘೋಷಿಸಿದವನ ಮೇಲೆಯೇ ಬಿದ್ದಿತು: ಆ ಫಾಂಟಿಲ್ಲದ ಓದುಗನಿಗೆ ಪುಟವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡುದಲ್ಲದೆ, ಶೋಧಯಂತ್ರವೂ ಅದನ್ನು ಕನ್ನಡವೆಂದು ಗುರುತಿಸಲಾರದೆ ಹೋಯಿತು, ಪರಿವರ್ತನೆಗೊಳ್ಳದೆ ಉಳಿದ ಆ ಕಾಲದ ಲೇಖನಗಳು ಇಂದು ಜಾಲದಲ್ಲಿದ್ದರೂ ಯಾವ ಕನ್ನಡ ಪದದಿಂದ ಹುಡುಕಿದರೂ ಕೈಗೆ ಸಿಗವು. ಯೂನಿಕೋಡಿನ ಈಗಿನ ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟುಗಳು. ಆ ಕ್ರಮದ ಘೋಷಣೆ ಎಲ್ಲಿಯೂ ಇಲ್ಲದೆ ಬ್ರೌಸರು ತಪ್ಪಾಗಿ ಊಹಿಸಿದರೆ, ಒಂದು ಸಂಕೇತವಿದ್ದೆಡೆ ಮೂರು ವಿಚಿತ್ರ ಚಿಹ್ನೆಗಳು ಎದ್ದು ನಿಲ್ಲುತ್ತವೆ. ಆದಕಾರಣವೇ ಈ ಘೋಷಣೆಯು ಪುಟದ ಮೊದಲ ೧೦೨೪ ಬೈಟುಗಳೊಳಗೇ ಇರತಕ್ಕದ್ದೆಂದು ಎಚ್‌ಟಿಎಂಎಲ್ ಮಾನಕವು ವಿಧಿಸಿದೆ.

೨೦೦೭ರಲ್ಲಿ ಐಫೋನಿನೊಡನೆ ಬಂದ ವ್ಯೂಪೋರ್ಟ್ ಟ್ಯಾಗಿಗೆ ಯಾವ ಸಮಿತಿಯ ಅನುಮೋದನೆಯೂ ಇರಲಿಲ್ಲ. ಪುಟದ ಅಗಲ ೯೮೦ ಪಿಕ್ಸೆಲೆಂದು ಭಾವಿಸಿ ಕಿರುತೆರೆಗೆ ಕುಗ್ಗಿಸಿ ತೋರುತ್ತಿದ್ದ ಬ್ರೌಸರಿಗೆ, ಉಪಕರಣದ ಅಗಲವನ್ನೇ ಪುಟದ ಅಗಲವಾಗಿ ತೆಗೆದುಕೋ ಎಂದು ತಿಳಿಸುವುದಷ್ಟೇ ಅದರ ಕೆಲಸ. ಉಪಯೋಗವು ಪ್ರತ್ಯಕ್ಷವಾಗಿದ್ದುದರಿಂದ ಉಳಿದ ಬ್ರೌಸರುಗಳೂ ಅದನ್ನು ಅನುಸರಿಸಿದವು. ಓದುಗನು ಅಕ್ಷರಗಳನ್ನು ಹಿಗ್ಗಿಸದಂತೆ ತಡೆಯುವ ಅಧಿಕಾರವನ್ನೂ ಅದು ಪುಟಕ್ಕೆ ಕೊಟ್ಟಿದ್ದಿತು. ಮಂದದೃಷ್ಟಿಯವರಿಗೆ ಇದರಿಂದ ಆದ ತೊಂದರೆ ಅಲ್ಪವಲ್ಲ. ೨೦೧೬ರಲ್ಲಿ ಆಪಲ್ ಕಂಪೆನಿಯ ಸಫಾರಿಯೇ ಐಒಎಸ್ ೧೦ರೊಡನೆ ಆ ನಿಷೇಧವನ್ನು ಲೆಕ್ಕಿಸದಿರತೊಡಗಿತು.

೨೦೧೦ರ ಏಪ್ರಿಲಿನಲ್ಲಿ ಫೇಸ್‌ಬುಕ್ ಓಪನ್ ಗ್ರಾಫ್ ಕ್ರಮವನ್ನೂ ೨೦೧೨ರಲ್ಲಿ ಟ್ವಿಟರ್ ತನ್ನ ಕಾರ್ಡುಗಳನ್ನೂ ಹೊರತಂದವು. ಕೊಂಡಿಯೊಂದನ್ನು ಹಂಚಿಕೊಂಡಾಗ ಜೊತೆಗೆ ಮೂಡುವ ಶೀರ್ಷಿಕೆ, ಚಿತ್ರ, ಪರಿಚಯಗಳು ಇವುಗಳಿಂದ ಬಂದವು. ಇಲ್ಲಿ ಹಳೆಯ ಪ್ರಲೋಭನೆ ಹೊಸ ವೇಷದಲ್ಲಿ ಮರಳಿ ಬಂದಿದೆಯೆಂದೇ ನನ್ನ ಅಭಿಪ್ರಾಯ. ಪುಟದ ಶೀರ್ಷಿಕೆಯೊಂದು, ಹಂಚಿಕೆಯ ಶೀರ್ಷಿಕೆ ಅದಕ್ಕಿಂತ ಉತ್ತೇಜಕವಾದ ಇನ್ನೊಂದು ಎಂಬುದು ಸುದ್ದಿತಾಣಗಳಲ್ಲಿ ಅಪರೂಪವೇನಲ್ಲ.

ಇನ್ನು ರೋಬೋಟ್ಸ್ ಟ್ಯಾಗು. ೧೯೯೬ರ ಮೇ ತಿಂಗಳಲ್ಲಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು೩ಸಿ ಸಂಸ್ಥೆ ಕರೆದ ಕಾರ್ಯಶಾಲೆಯ ಚರ್ಚೆಗಳಿಂದ ರೂಪುಗೊಂಡ ಇದು ವರ್ಣನೆಯಲ್ಲ, ವಿನಂತಿ: ಈ ಪುಟವನ್ನು ಸೂಚಿಗೆ ಸೇರಿಸಬೇಡಿ, ಇಲ್ಲಿನ ಕೊಂಡಿಗಳನ್ನು ಹಿಂಬಾಲಿಸಬೇಡಿ. ಜಾಲತಾಣದ ಮೂಲದಲ್ಲಿರುವ ರೋಬೋಟ್ಸ್ ಕಡತದಿಂದ ಪುಟದ ಪ್ರವೇಶವನ್ನೇ ತಡೆದುಬಿಟ್ಟರೆ ಒಳಗಿರುವ ಈ ವಿನಂತಿಯನ್ನು ಯಂತ್ರವು ಓದುವುದೇ ಇಲ್ಲವೆಂಬ ಸಣ್ಣ ಸಂಗತಿಯನ್ನು ಅನುಭವಿಗಳೂ ಆಗಾಗ ಮರೆಯುತ್ತಾರೆ. ಮಾನ್ಯವಾದ ಶೋಧಯಂತ್ರಗಳು ಈ ವಿನಂತಿಯನ್ನು ಮನ್ನಿಸುತ್ತ ಬಂದುದಕ್ಕೆ ಕಾರಣ, ಪುಟಗಳ ಒಡೆಯರ ಸೌಹಾರ್ದವು ಅವಕ್ಕೂ ಬೇಕಾಗಿದ್ದುದು. ಕೃತಕ ಬುದ್ಧಿಮತ್ತೆಯ ತರಬೇತಿಗಾಗಿ ಪುಟಗಳನ್ನು ಸಂಗ್ರಹಿಸುವ ಯಂತ್ರಗಳಿಗಾದರೋ ಅಂಥ ಅವಶ್ಯಕತೆ ಅಷ್ಟಾಗಿಲ್ಲ. ೨೦೨೨ರಲ್ಲಿ ಡೀವಿಯಂಟ್‌ಆರ್ಟ್ ಎಂಬ ಕಲಾತಾಣವು ಈ ಟ್ಯಾಗಿಗೆ ನೋಎಐ ಎಂಬ ಹೊಸ ಸೂಚನೆಯನ್ನು ಸೇರಿಸಿತು; ಅದು ಇಂದಿಗೂ ಯಾವ ಮಾನಕದಲ್ಲಿಯೂ ಇಲ್ಲ. ೨೦೨೫ರಲ್ಲಿ ಅಂತರಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ ಇದೇ ಪ್ರಶ್ನೆಗಾಗಿ ಒಂದು ಕಾರ್ಯಮಂಡಲಿಯನ್ನು ರಚಿಸಿದೆ. ಅದರ ಕರಡುಗಳು ಒಡೆಯನ ಇಚ್ಛೆಯನ್ನು ತಿಳಿಸಲು ಆಶ್ರಯಿಸಿರುವುದು ರೋಬೋಟ್ಸ್ ಕಡತವನ್ನೂ ಎಚ್‌ಟಿಟಿಪಿ ಶಿರೋಲೇಖವನ್ನೂ, ಮೆಟಾ ಟ್ಯಾಗನ್ನಲ್ಲ.