ಕಾಫಿ ಕುಡಿದರೆ ಕ್ಯಾನ್ಸರ್ ಬರುತ್ತದೆಯೇ? ಆಹಾರದ ಬಗೆಗಿನ ಭಯದ ಸುದ್ದಿಗಳನ್ನು ಓದುವ ಬಗೆ

ಕಾಫಿಯಿಂದ ಕ್ಯಾನ್ಸರ್ ಬರುತ್ತದೆ ಎಂಬ ಸುದ್ದಿ ನಾಲ್ಕು ದಶಕಗಳಿಂದ ಬಂದು ಹೋಗುತ್ತಲೇ ಇದೆ. ನಡುನಡುವೆ ‘ಕಾಫಿ ಕುಡಿದರೆ ಕ್ಯಾನ್ಸರ್ ದೂರ’ ಎಂಬ ಸುದ್ದಿಯೂ ಬರುತ್ತದೆ. ಎರಡನ್ನೂ ಓದಿದವರು ಕೊನೆಗೆ ‘ಈ ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ’ ಎಂದು ಪತ್ರಿಕೆ ಮಡಚಿಟ್ಟು ಇನ್ನೊಂದು ಲೋಟ ಕಾಫಿಗೆ ಹೇಳುತ್ತಾರೆ. ದೇಶದ ಕಾಫಿಯ ಸುಮಾರು ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ. ಹಾಗಾಗಿ ಈ ಸುದ್ದಿ ನಮ್ಮಲ್ಲಿ ಕುಡಿಯುವವರನ್ನಷ್ಟೇ ಅಲ್ಲ, ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರನ್ನೂ ತಟ್ಟುತ್ತದೆ. ಆಹಾರ ಮತ್ತು ಕ್ಯಾನ್ಸರ್ ಕುರಿತ ಸುದ್ದಿಗಳು ಎಲ್ಲೆಲ್ಲಿ ದಾರಿ ತಪ್ಪುತ್ತವೆ ಎಂದು ತಿಳಿಯಲು ಕಾಫಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದ್ದರಿಂದ ಅದರ ಕಥೆಯನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಮೊದಲ ಗಾಬರಿ: 1981

1981ರ ಮಾರ್ಚ್‌ನಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಹಾರ್ವರ್ಡ್‌ನ ಬ್ರಯಾನ್ ಮ್ಯಾಕ್‌ಮಹೋನ್ ಮತ್ತು ಸಂಗಡಿಗರ ಲೇಖನವೊಂದು ಪ್ರಕಟವಾಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 369 ಜನರನ್ನೂ ಆ ಕ್ಯಾನ್ಸರ್ ಇಲ್ಲದ 644 ರೋಗಿಗಳನ್ನೂ ಅವರು ಮಾತನಾಡಿಸಿದ್ದರು. ಹುಡುಕಹೊರಟದ್ದು ಸಿಗರೇಟು ಮತ್ತು ಮದ್ಯದ ಪಾತ್ರವನ್ನು. ಸಿಕ್ಕಿದ್ದು ಕಾಫಿ! ದಿನಕ್ಕೆ ಮೂರು ಕಪ್ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವವರಲ್ಲಿ ಈ ಕ್ಯಾನ್ಸರ್‌ನ ಅಪಾಯ 2.7 ಪಟ್ಟು ಎಂದು ಲೆಕ್ಕ ಬಂತು. ಸುದ್ದಿ ಎಲ್ಲೆಡೆ ಹಬ್ಬಿತು.

ಲೆಕ್ಕದಲ್ಲಿ ತಪ್ಪಿರಲಿಲ್ಲ, ಹೋಲಿಕೆಯಲ್ಲಿತ್ತು. ಆ 644 ಜನ ಯಾರು? ಕ್ಯಾನ್ಸರ್ ರೋಗಿಗಳನ್ನು ನೋಡುತ್ತಿದ್ದ ವೈದ್ಯರ ಬಳಿಯೇ ಬೇರೆ ಕಾಯಿಲೆಗಳಿಗಾಗಿ ಬಂದಿದ್ದವರು. ಮೇದೋಜೀರಕ ಗ್ರಂಥಿಯ ಕಾಯಿಲೆ ನೋಡುವ ವೈದ್ಯರ ಬಳಿ ಬರುವವರಲ್ಲಿ ಹೊಟ್ಟೆ, ಕರುಳಿನ ತೊಂದರೆ ಇರುವವರೇ ಹೆಚ್ಚು. ಎದೆಯುರಿ, ಹುಳಿತೇಗು, ಹೊಟ್ಟೆಹುಣ್ಣು ಇರುವವರಿಗೆ ವೈದ್ಯರು ಹೇಳುವ ಮೊದಲ ಮಾತು ಯಾವುದು? ‘ಕಾಫಿ ಕಡಿಮೆ ಮಾಡಿ.’ ಹೀಗೆ ಹೋಲಿಕೆಗೆ ಕೂರಿಸಿದ ಗುಂಪು ಸಾಮಾನ್ಯ ಜನರಿಗಿಂತ ಕಡಿಮೆ ಕಾಫಿ ಕುಡಿಯುವ ಗುಂಪಾಗಿತ್ತು. ಅವರ ಪಕ್ಕದಲ್ಲಿಟ್ಟು ನೋಡಿದಾಗ ಕ್ಯಾನ್ಸರ್ ರೋಗಿಗಳು ವಿಪರೀತ ಕಾಫಿ ಕುಡಿದವರಂತೆ ಕಂಡರು. 1986ರಲ್ಲಿ ಅದೇ ತಂಡ ಮತ್ತೊಮ್ಮೆ ಅಧ್ಯಯನ ಮಾಡಿದಾಗ ಮೊದಲಿನ ಫಲಿತಾಂಶ ಗಟ್ಟಿಯಾಗಲಿಲ್ಲ. ತಮ್ಮ ಫಲಿತಾಂಶವನ್ನು ತಾವೇ ಮತ್ತೆ ಪರೀಕ್ಷಿಸಿ ಅದನ್ನೂ ಪ್ರಕಟಿಸಿದ ಆ ತಂಡವನ್ನು ಮೆಚ್ಚಬೇಕು. ಆದರೆ 1981ರ ಸುದ್ದಿ ತಲುಪಿದಷ್ಟು ಜನರನ್ನು 1986ರ ಸುದ್ದಿ ತಲುಪಲಿಲ್ಲ. ‘ಏನೂ ಸಿಗಲಿಲ್ಲ’ ಎಂಬುದು ತಲೆಬರಹವಾಗುವುದು ಅಪರೂಪ.

ಪಟ್ಟಿಗೆ ಸೇರಿತು, ಪಟ್ಟಿಯಿಂದ ಹೊರಬಂತು

ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಂಬುದೊಂದಿದೆ. ಫ್ರಾನ್ಸ್‌ನ ಲಿಯೋನ್ ನಗರದಲ್ಲಿದೆ. ‘ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಣೆ’ ಎಂದು ನೀವು ಓದುವ ಬಹುಪಾಲು ಸುದ್ದಿಗಳ ಮೂಲ ಇದೇ ಸಂಸ್ಥೆಯ ಪಟ್ಟಿ. ಗುಂಪು 1 ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎನ್ನಲು ಸಾಕಷ್ಟು ಪುರಾವೆ ಇದೆ ಎಂದರ್ಥ. 2ಎ ಎಂದರೆ ‘ಬಹುಶಃ’. 2ಬಿ ಎಂದರೆ ‘ಇರಲೂಬಹುದು’. ಗುಂಪು 3 ಎಂದರೆ ಹೀಗೇ ಎಂದು ಹೇಳುವಷ್ಟು ಪುರಾವೆ ಇಲ್ಲ.

1991ರಲ್ಲಿ ಈ ಸಂಸ್ಥೆ ಮೂತ್ರಕೋಶದ ಕ್ಯಾನ್ಸರ್‌ನ ಅನುಮಾನದ ಮೇಲೆ ಕಾಫಿಯನ್ನು 2ಬಿ ಗುಂಪಿಗೆ ಸೇರಿಸಿತು. ಇಲ್ಲಿಯೂ ಒಂದು ತೊಡಕಿತ್ತು. ಕಾಫಿ ಹೆಚ್ಚು ಕುಡಿಯುವವರಲ್ಲಿ ಸಿಗರೇಟು ಸೇದುವವರೂ ಹೆಚ್ಚು. ಸಿಗರೇಟಿನಿಂದ ಮೂತ್ರಕೋಶದ ಕ್ಯಾನ್ಸರ್ ಬರುವುದು ಚೆನ್ನಾಗಿ ಗೊತ್ತಿರುವ ವಿಷಯ. ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ಸಿಗರೇಟಿನ ಪಾಪ ಕಾಫಿಯ ತಲೆಗೆ ಬರುತ್ತದೆ. 2016ರಲ್ಲಿ 23 ತಜ್ಞರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಮುಂದಿಟ್ಟುಕೊಂಡು ಕಾಫಿಯನ್ನು ಗುಂಪು 3ಕ್ಕೆ ಇಳಿಸಿದರು. ಯಕೃತ್ತು ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಾಫಿ ಕುಡಿಯುವವರಲ್ಲಿ ಕಡಿಮೆ ಎಂಬ ಸೂಚನೆಯೂ ಅವರಿಗೆ ಕಂಡಿತ್ತು.

ಅದೇ ಸಭೆಯಲ್ಲಿ ಇನ್ನೊಂದು ತೀರ್ಮಾನವಾಯಿತು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ‘ಬಹುಶಃ’ ಅನ್ನನಾಳದ ಕ್ಯಾನ್ಸರ್‌ಗೆ ಕಾರಣ ಎಂದು ಅದನ್ನು 2ಎ ಗುಂಪಿಗೆ ಸೇರಿಸಿದರು. ಪುರಾವೆ ಬಂದದ್ದು ಚೀನಾ, ಇರಾನ್, ಟರ್ಕಿ, ದಕ್ಷಿಣ ಅಮೆರಿಕದ ಕಡೆ ಕುದಿಕುದಿಯುವ ಚಹಾ, ಮಾಟೆ ಕುಡಿಯುವವರಿಂದ. ತೊಂದರೆ ಇರುವುದು ಬಿಸಿಯಲ್ಲಿ, ಪಾನೀಯದಲ್ಲಿ ಅಲ್ಲ. ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದು ಆರಿಸಿ ಕುಡಿಯುವ ನಮ್ಮ ಹಿರಿಯರ ಅಭ್ಯಾಸ ಈ ದೃಷ್ಟಿಯಿಂದ ಒಳ್ಳೆಯದೇ.

ಈ ಪಟ್ಟಿಯನ್ನು ಓದುವಾಗ ಆಗುವ ದೊಡ್ಡ ತಪ್ಪೊಂದಿದೆ. ನಾಗರಹಾವಿಗೆ ವಿಷವಿದೆ ಎನ್ನುವುದು ಒಂದು ಮಾತು. ನಾಳೆ ಅದು ನಿಮಗೆ ಕಚ್ಚುವ ಸಂಭವ ಎಷ್ಟು ಎನ್ನುವುದು ಬೇರೆಯೇ ಮಾತು. ಲಿಯೋನ್‌ನ ಪಟ್ಟಿ ಹೇಳುವುದು ಮೊದಲನೆಯದನ್ನು ಮಾತ್ರ. ‘ಈ ವಸ್ತುವಿಗೆ ಆ ಗುಣ ಇದೆ ಎನ್ನಲು ಎಷ್ಟು ಪುರಾವೆ ಇದೆ’ ಎಂಬುದಷ್ಟೇ ಅಲ್ಲಿರುವುದು. ಎಷ್ಟು ತಿಂದರೆ, ಎಷ್ಟು ಜನರಿಗೆ, ಎಷ್ಟು ಕೆಡುಕು ಎಂಬುದು ಅಲ್ಲಿಲ್ಲ.

ಪಟ್ಟಿಯ ಹೆಸರುಗಳನ್ನೂ ಪೂರ್ತಿಯಾಗಿ ಓದಬೇಕು. 2ಬಿ ಗುಂಪಿನಲ್ಲಿ ಏಷ್ಯಾದ ಸಾಂಪ್ರದಾಯಿಕ ಉಪ್ಪಿನಕಾಯಿ ಎಂಬ ಹೆಸರಿದೆ. ‘ಉಪ್ಪಿನಕಾಯಿ ತಿಂದರೆ ಕ್ಯಾನ್ಸರ್’ ಎಂದು ನಮ್ಮಲ್ಲಿ ಹರಿದಾಡುವ ಸಂದೇಶಗಳಿಗೆ ಇದು ಆಧಾರ. ಆದರೆ 1993ರ ಆ ತೀರ್ಮಾನ ನಿಂತಿದ್ದುದು ಚೀನಾ, ಕೊರಿಯಾ, ಜಪಾನ್ ಕಡೆ ತರಕಾರಿಯನ್ನು ಉಪ್ಪಿನಲ್ಲಿ ಹುದುಗಿಸಿ ಇಡುವ ಪದ್ಧತಿಯ ಅಧ್ಯಯನಗಳ ಮೇಲೆ. ನಮ್ಮ ಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಉಪ್ಪು ಅತಿಯಾದರೆ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ ಎಂಬುದು ಬೇರೆ ವಿಷಯ.

ಕ್ಯಾಲಿಫೋರ್ನಿಯಾದ ಕಾಫಿ ಕಪ್

2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹುರಿದ, ಕರಿದ ಆಹಾರಗಳಲ್ಲಿ ಅಕ್ರಿಲಮೈಡ್ ಎಂಬ ರಾಸಾಯನಿಕ ಇರುವುದನ್ನು ಕಂಡುಹಿಡಿದರು. ಪಿಷ್ಟವಿರುವ ಪದಾರ್ಥವನ್ನು ಸುಮಾರು 120 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಕರಿದಾಗ ಅಥವಾ ಸುಟ್ಟಾಗ ಅದರೊಳಗಿನ ಸಕ್ಕರೆಯೂ ಆಸ್ಪರಜಿನ್ ಎಂಬ ಅಮೈನೋ ಆಮ್ಲವೂ ಸೇರಿ ಇದು ಹುಟ್ಟುತ್ತದೆ. ಹಬೆಯಲ್ಲಿ ಬೇಯುವ ಇಡ್ಲಿಯಲ್ಲಿ ಹುಟ್ಟುವುದಿಲ್ಲ, ಆಲೂಗಡ್ಡೆ ಚಿಪ್ಸ್‌ನಲ್ಲಿ ಹುಟ್ಟುತ್ತದೆ. ಕಾಫಿ ಬೀಜ ಹುರಿಯುವಾಗಲೂ ಹುಟ್ಟುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1986ರಿಂದ ಒಂದು ಕಾನೂನಿದೆ. ಪಟ್ಟಿ ಮಾಡಿದ ರಾಸಾಯನಿಕಗಳು ಯಾವುದಾದರೂ ವಸ್ತುವಿನಲ್ಲಿದ್ದರೆ ಅಂಗಡಿಯವರು ಎಚ್ಚರಿಕೆಯ ಫಲಕ ಹಾಕಬೇಕು. ಇದರ ಆಧಾರದ ಮೇಲೆ 2010ರಲ್ಲಿ ಕಾಫಿ ಮಾರುವ ಕಂಪನಿಗಳ ವಿರುದ್ಧ ದಾವೆ ಹೂಡಲಾಯಿತು. 2018ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ಕಂಪನಿಗಳ ವಿರುದ್ಧ ತೀರ್ಪಿತ್ತರು. ‘ಕಾಫಿಗೆ ಕ್ಯಾನ್ಸರ್ ಎಚ್ಚರಿಕೆ’ ಎಂಬ ಸುದ್ದಿ ಪ್ರಪಂಚವನ್ನೆಲ್ಲ ಸುತ್ತಿತು. ಗಮನಿಸಿ, ಅಲ್ಲಿ ಕಾಫಿ ಕುಡಿದವರಿಗೆ ಕ್ಯಾನ್ಸರ್ ಬಂದಿದೆ ಎಂದು ಯಾರೂ ತೋರಿಸಿರಲಿಲ್ಲ. ಕಾಫಿ ನಿರಪಾಯಕರ ಎಂದು ಕಾನೂನು ಕೇಳುವ ರೀತಿಯಲ್ಲಿ ರುಜುವಾತು ಮಾಡುವ ಹೊಣೆ ಕಂಪನಿಗಳ ಮೇಲಿತ್ತು, ಅದನ್ನು ಅವರು ಮಾಡಲಿಲ್ಲ ಎಂದು ನ್ಯಾಯಾಧೀಶರು ಹೇಳಿದ್ದರು. 2019ರ ಜೂನ್‌ನಲ್ಲಿ ಅಲ್ಲಿನ ಸರ್ಕಾರವೇ ನಿಯಮ ಬದಲಿಸಿ ಕಾಫಿಗೆ ವಿನಾಯಿತಿ ಕೊಟ್ಟಿತು. ಇದನ್ನು ಓದಿದ ನೆನಪು ನಿಮಗಿದೆಯೇ?

ಅಕ್ರಿಲಮೈಡ್‌ನಿಂದ ಇಲಿಗಳಿಗೆ ಕ್ಯಾನ್ಸರ್ ಬಂದದ್ದು ನಿಜ. ಆದರೆ ಅವಕ್ಕೆ ಕೊಟ್ಟದ್ದು ಮನುಷ್ಯರ ಊಟದಲ್ಲಿ ಸೇರುವ ಪ್ರಮಾಣದ ಸಾವಿರ ಪಟ್ಟು, ಅದಕ್ಕೂ ಹೆಚ್ಚು. ಮನುಷ್ಯರ ಮೇಲಿನ ಅಧ್ಯಯನಗಳಲ್ಲಿ ಆಹಾರದ ಅಕ್ರಿಲಮೈಡ್‌ಗೂ ಕ್ಯಾನ್ಸರ್‌ಗೂ ಸ್ಥಿರವಾದ ನಂಟು ಕಂಡಿಲ್ಲ. ಸುದ್ದಿ ಓದುವಾಗ ಪ್ರಯೋಗ ಇಲಿಯ ಮೇಲೋ ಮನುಷ್ಯರ ಮೇಲೋ, ಪ್ರಮಾಣ ಎಷ್ಟು ಎಂದು ಹುಡುಕಿ. ಸುದ್ದಿಯಲ್ಲಿ ಅದಿಲ್ಲದಿದ್ದರೆ ಆ ಸುದ್ದಿ ಅರ್ಧ ಮಾತ್ರ ಬರೆದದ್ದು ಎಂದೇ ನಾವು ತಿಳಿಯುತ್ತೇವೆ.

ಶೇ. 18 ಎಂದರೆ ಎಷ್ಟು ಜನ?

2015ರ ಅಕ್ಟೋಬರ್‌ನಲ್ಲಿ ಅದೇ ಸಂಸ್ಥೆ ಸಂಸ್ಕರಿಸಿದ ಮಾಂಸವನ್ನು, ಅಂದರೆ ಬೇಕನ್, ಸಾಸೇಜ್, ಹ್ಯಾಮ್‌ನಂಥವನ್ನು, ಗುಂಪು 1ಕ್ಕೆ ಸೇರಿಸಿತು. ಸಿಗರೇಟೂ ಅದೇ ಗುಂಪಿನಲ್ಲಿರುವುದರಿಂದ ‘ಬೇಕನ್ ಸಿಗರೇಟಿನಷ್ಟೇ ಅಪಾಯಕಾರಿ’ ಎಂಬ ತಲೆಬರಹಗಳು ಬಂದವು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ. 18ರಷ್ಟು ಹೆಚ್ಚು ಎಂಬುದು ವರದಿಯಲ್ಲಿದ್ದ ಅಂಕಿ. ನೂರು ಜನ ತಿಂದರೆ ಹದಿನೆಂಟು ಜನರಿಗೆ ಕ್ಯಾನ್ಸರ್ ಎಂದು ಬಹಳ ಮಂದಿ ಓದಿಕೊಂಡರು. ಅದರ ಅರ್ಥ ಅದಲ್ಲ.

ಶೇಕಡಾವಾರು ಹೆಚ್ಚಳ ಕಂಡಾಗಲೆಲ್ಲ ‘ಯಾವುದರ ಮೇಲೆ ಹೆಚ್ಚು?’ ಎಂದು ಕೇಳಬೇಕು. ಬ್ರಿಟನ್ನಿನ ಲೆಕ್ಕ ಹೀಗಿದೆ: ಸಂಸ್ಕರಿಸಿದ ಮಾಂಸವನ್ನು ಅತಿ ಕಡಿಮೆ ತಿನ್ನುವ 1000 ಜನರಲ್ಲಿ ಜೀವಮಾನದಲ್ಲಿ ಸುಮಾರು 56 ಜನರಿಗೆ ಕರುಳಿನ ಕ್ಯಾನ್ಸರ್ ಬರುತ್ತದೆ. ಅತಿ ಹೆಚ್ಚು ತಿನ್ನುವ 1000 ಜನರಲ್ಲಿ 66 ಜನರಿಗೆ. ವ್ಯತ್ಯಾಸ ಸಾವಿರಕ್ಕೆ ಹತ್ತು. ಹತ್ತು ಜನ ಎಂದರೆ ಸಣ್ಣ ಮಾತಲ್ಲ, ಆ ಸಂಸ್ಥೆ ಎಚ್ಚರಿಸಿದ್ದು ಸರಿಯೇ. ಆದರೆ ಸಿಗರೇಟು ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯವನ್ನು ಹೆಚ್ಚಿಸುವುದು ಹದಿನೈದರಿಂದ ಮೂವತ್ತು ಪಟ್ಟು. ಆಗ ವಿಶ್ವ ಆರೋಗ್ಯ ಸಂಸ್ಥೆ ಉಲ್ಲೇಖಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವುಗಳಿಗೆ ಸಂಸ್ಕರಿಸಿದ ಮಾಂಸ ಕಾರಣವಿರಬಹುದು, ತಂಬಾಕು ಸುಮಾರು ಹತ್ತು ಲಕ್ಷಕ್ಕೆ. ಇಬ್ಬರೂ ಒಂದೇ ಗುಂಪಿನಲ್ಲಿದ್ದಾರೆ ಎಂದ ಮಾತ್ರಕ್ಕೆ ಇಬ್ಬರೂ ಒಂದೇ ಅಲ್ಲ.

ಇಷ್ಟೊಂದು ಸುದ್ದಿಗಳು ಹುಟ್ಟುವುದಾದರೂ ಹೇಗೆ? ಜೊನಾಥನ್ ಶೋನ್‌ಫೆಲ್ಡ್ ಮತ್ತು ಜಾನ್ ಇಯೊನಿಡಿಸ್ ಎಂಬ ಸಂಶೋಧಕರು ಅಡುಗೆ ಪುಸ್ತಕವೊಂದರಿಂದ ಮನಬಂದಂತೆ 50 ಪದಾರ್ಥಗಳನ್ನು ಆರಿಸಿ, ಅವುಗಳಿಗೂ ಕ್ಯಾನ್ಸರ್‌ಗೂ ನಂಟು ಹುಡುಕಿದ ಲೇಖನಗಳಿವೆಯೇ ಎಂದು ನೋಡಿದರು. 40 ಪದಾರ್ಥಗಳಿಗೆ ಸಿಕ್ಕವು. ಅವುಗಳಲ್ಲಿ ಬಹುಪಾಲು ಲೇಖನಗಳು ಆ ಪದಾರ್ಥದಿಂದ ಕ್ಯಾನ್ಸರ್ ಹೆಚ್ಚುತ್ತದೆ ಅಥವಾ ಕಡಿಮೆಯಾಗುತ್ತದೆ ಎಂದು ಹೇಳಿದ್ದವು, ಆದರೆ ಹೆಚ್ಚಿನವುಗಳ ಪುರಾವೆ ತೀರಾ ದುರ್ಬಲವಾಗಿತ್ತು. 2013ರಲ್ಲಿ ಪ್ರಕಟವಾದ ಈ ಲೆಕ್ಕದಿಂದ ನಮಗೆ ತಿಳಿಯುವುದು ಇಷ್ಟು: ಒಂಟಿ ಅಧ್ಯಯನದ ಸುದ್ದಿಗೆ ಊಟದ ತಟ್ಟೆ ಬದಲಿಸುವ ಅಗತ್ಯವಿಲ್ಲ.

ಹಾಗಾದರೆ ಎಲ್ಲವೂ ಸುಳ್ಳು ಭಯವೇ?

ಅಲ್ಲ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳದಲ್ಲಿ ಬೆಳೆಯುವ ಅಫ್ಲಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಬೂಷ್ಟು ಬಂದ ಕಾಳನ್ನು ತೊಳೆದು ಒಣಗಿಸಿದರೆ ಸಾಲದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಎಸೆಯಬೇಕು. ಇದು ತಲೆಬರಹವಾಗುವುದು ಬಹಳ ಕಡಿಮೆ.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣದ ಬಳಕೆ ನಿಷೇಧಿಸಿದ್ದು ನಿಮಗೆ ನೆನಪಿರಬಹುದು. 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಕಂಡುಬಂದಿದ್ದವು. ಮಿಠಾಯಿಯಲ್ಲಿ ರೋಡಮೈನ್-ಬಿ ಸಿಕ್ಕಿತ್ತು. ‘ಗೋಬಿ ತಿಂದರೆ ಕ್ಯಾನ್ಸರ್’ ಎಂದು ಸುದ್ದಿಯಾಯಿತು. ಹೂಕೋಸಿನ ತಪ್ಪೇನೂ ಇರಲಿಲ್ಲ. ಸ್ವಾರಸ್ಯವೆಂದರೆ ಲಿಯೋನ್‌ನ ಪಟ್ಟಿಯಲ್ಲಿ ರೋಡಮೈನ್-ಬಿ ಇರುವುದು ಗುಂಪು 3ರಲ್ಲಿ, ಕಾಫಿಯ ಪಕ್ಕದಲ್ಲಿ. ಹಾಗಾದರೆ ನಿಷೇಧ ತಪ್ಪೇ? ಖಂಡಿತ ಅಲ್ಲ. ಅದು ಬಟ್ಟೆಗೆ ಹಾಕುವ ಬಣ್ಣ, ಆಹಾರಕ್ಕೆ ಹಾಕಲು ಕಾನೂನಿನ ಒಪ್ಪಿಗೆಯೇ ಇಲ್ಲ. ಮಕ್ಕಳ ಹೊಟ್ಟೆಗೆ ಬಟ್ಟೆ ಬಣ್ಣ ಹೋಗಬಾರದು ಎನ್ನಲು ಕ್ಯಾನ್ಸರ್‌ನ ಹೆಸರೇ ಬೇಕಿಲ್ಲ.

ಭಯದ ಸುದ್ದಿಗಳಿಂದ ಆಗುವ ನಿಜವಾದ ನಷ್ಟ ಬೇರೆಡೆ ಇದೆ. ಸಕ್ಕರೆ ಕ್ಯಾನ್ಸರನ್ನು ಬೆಳೆಸುತ್ತದೆ, ಹಾಲು ಬೆಳೆಸುತ್ತದೆ ಎಂದು ಚಿಕಿತ್ಸೆಯಲ್ಲಿರುವ ರೋಗಿಗೆ ಒಂದೊಂದೇ ಆಹಾರ ಬಿಡಿಸುತ್ತಾ ಹೋದರೆ ತೂಕ ಇಳಿದು, ಕೀಮೋ ಮುಂದೂಡಬೇಕಾಗಬಹುದು. ಊಟದಲ್ಲಿ ಏನು ಬಿಡಬೇಕು ಎಂದು ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನೇ ಕೇಳಿ.

ಇನ್ನೊಂದು ನಷ್ಟ ನಮ್ಮ ಬಾಯಲ್ಲೇ ಇದೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರ್. ತಂಬಾಕು ಗುಂಪು 1ರಲ್ಲಿದೆ, ಅಡಿಕೆಯೂ 2003ರ ಪರಿಶೀಲನೆಯ ನಂತರ ಅಲ್ಲೇ ಇದೆ. ಹೊಗೆಸೊಪ್ಪು ಹಾಕಿದ ಕವಳ, ಗುಟ್ಕಾ ಜಗಿಯುವವರಲ್ಲಿ ಬಾಯಿಯ ಕ್ಯಾನ್ಸರ್ ಅಪಾಯ ಹಲವು ಪಟ್ಟು. ಇಲ್ಲಿ ಸಾವಿರಕ್ಕೆ ಹತ್ತರ ಲೆಕ್ಕವಿಲ್ಲ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಬರೆಯುವುದು ಕಷ್ಟ. ಬೆಳೆಗಾರರ ಬದುಕಿನ ಪ್ರಶ್ನೆ ದೊಡ್ಡದು, ಅದಕ್ಕೆ ಬೇರೆಯೇ ಉತ್ತರ ಹುಡುಕಬೇಕು. ಪುರಾವೆಯಂತೂ ಹೀಗಿದೆ. ಆದರೂ ಕಾಫಿಯ ಸುದ್ದಿ ಹಂಚುವಷ್ಟು ಚುರುಕಾಗಿ ಇದನ್ನು ಯಾರೂ ಹಂಚುವುದಿಲ್ಲ, ಹಳೆಯ ಸುದ್ದಿಯಲ್ಲವೇ!

ಎಲೆ, ಅಡಿಕೆ, ತಂಬಾಕು ಜಗಿಯುವ ಅಭ್ಯಾಸವಿರುವವರು ನಿಮ್ಮ ಮನೆಯಲ್ಲಿದ್ದರೆ ಆಗಾಗ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳಲು ಹೇಳಿ. ಕೆನ್ನೆಯ ಒಳಗೆ ಅಥವಾ ನಾಲಗೆಯ ಮೇಲೆ ಬಿಳಿ ಇಲ್ಲವೇ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಮೊದಲಿನಷ್ಟು ಅಗಲಕ್ಕೆ ಬಾಯಿ ತೆರೆಯಲಾಗದಿರುವುದು, ಖಾರ ಸೋಕಿದರೆ ಬಾಯಿ ಉರಿಯುವುದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ನೋವಿಲ್ಲವೆಂದು ಸುಮ್ಮನಿರದೆ ದಂತವೈದ್ಯರ ಬಳಿ ಹೋಗಬೇಕು. ಈ ಹಂತದಲ್ಲಿ ಸಿಕ್ಕರೆ ಚಿಕಿತ್ಸೆ ಬಹಳ ಸುಲಭ.