ಕೇಳುವವರೊಬ್ಬರು ಬೇಕು

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 2022ರ ನವೆಂಬರ್‌ನಲ್ಲಿ ವಧು-ವರರ ಸಮಾವೇಶ ನಡೆಯಿತು. ಗಂಡುಮಕ್ಕಳು ಸಾವಿರಗಟ್ಟಲೆ ಬಂದರು. ಹೆಣ್ಣುಮಕ್ಕಳು ಬಂದದ್ದು ಕೆಲವೇ ನೂರು. ಮರುವರ್ಷ ಫೆಬ್ರುವರಿಯಲ್ಲಿ ಮಂಡ್ಯ ಸೀಮೆಯ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಪತ್ರಿಕೆಯಲ್ಲಿ ಓದಿದ ಕೆಲವರಿಗೆ ನಗು ಬಂದಿರಬಹುದು. ಮೂವತ್ತೈದು ದಾಟಿದ ಬೇಸಾಯಗಾರನಿಗೆ ಅದು ನಗುವ ಮಾತಲ್ಲ. ಇದು ಕಾಯಿಲೆಯಲ್ಲ, ಆಸ್ಪತ್ರೆಯ ಚೀಟಿಗೆ ಬಗ್ಗುವುದೂ ಇಲ್ಲ. ಇಂಥ ಸಂಕಟ ಹೊತ್ತವರು ಯಾರ ಬಳಿ ಹೋಗಬೇಕು?

ಮನಸ್ಸಿನ ವಿದ್ಯೆ ಈ ಸೀಮೆಗೆ ದೂರದ್ದೇನಲ್ಲ. ಶ್ರೀರಂಗಪಟ್ಟಣದಿಂದ ಹದಿನೈದು ಕಿಲೋಮೀಟರ್ ಆಚೆ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಆದರೆ ಆ ವಿದ್ಯೆ ಹಳ್ಳಿಯ ಜಗಲಿಗೆ ಇಳಿಯಲು ದಶಕಗಳೇ ಬೇಕಾದವು. 1974ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ರೂಪುಗೊಂಡಿತು, 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯ ಪ್ರಯೋಗ ನಡೆಯಿತು. ಅವುಗಳ ಗಮನವೆಲ್ಲ ರೋಗಿಯ ಮೇಲೆ. ಅತ್ತೆ-ಸೊಸೆ ಜಗಳಕ್ಕೆ, ಪಿಯುಸಿಯಲ್ಲಿ ಫೇಲಾದ ಮಗನಿಗೆ ದಾರಿ ತೋರಿದ್ದು ಪುಸ್ತಕಗಳು. ‘ಮನಮಂಥನ’ ಕೃತಿಗೆ ವೈದ್ಯ ಎಂ. ಶಿವರಾಂ ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವೈದ್ಯೆ ಅನುಪಮಾ ನಿರಂಜನ ದಾಂಪತ್ಯದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದರು. 2024ರಲ್ಲಿ ಪದ್ಮಶ್ರೀ ಪಡೆದ ಮನೋವೈದ್ಯ ಸಿ.ಆರ್. ಚಂದ್ರಶೇಖರ್ ತಮ್ಮ ವಿದ್ಯೆಯನ್ನು ಓದುಬಲ್ಲ ಯಾರಿಗಾದರೂ ತಿಳಿಯುವ ಕನ್ನಡದಲ್ಲಿ ಹಂಚಿದರು.

ಹಣ ತೆತ್ತು ಪಡೆಯುವ ‘ಲೈಫ್ ಕೋಚಿಂಗ್’ ಹುಟ್ಟಿದ್ದು ಅಮೆರಿಕದಲ್ಲಿ. ಥಾಮಸ್ ಲಿಯೊನಾರ್ಡ್ 1992ರಲ್ಲಿ ತರಬೇತಿ ಶಾಲೆ ತೆರೆದರು, 1995ರಲ್ಲಿ ವೃತ್ತಿಯವರ ಸಂಘ ಬಂತು. ವಿಧಾನ ಸರಳ: ಎಲ್ಲಿದ್ದೀರಿ, ಎಲ್ಲಿಗೆ ಹೋಗಬೇಕು, ಬರುವ ವಾರದೊಳಗೆ ಏನು ಮಾಡುತ್ತೀರಿ ಎಂದು ಕೇಳುವುದು, ವಾರ ಕಳೆದ ಮೇಲೆ ಏನಾಯಿತೆಂದು ಮತ್ತೆ ವಿಚಾರಿಸುವುದು. ಬೆಂಗಳೂರಿನ ಕಂಪನಿಗಳಿಗೆ ಅದು ಬೇಗ ಒಗ್ಗಿತು.

ಮಂಡ್ಯ ಸೀಮೆಯ ನಮ್ಮ ತಾಲ್ಲೂಕುಗಳಿಗೆ ಅದರ ತಿರುಳು ಬಂದದ್ದು ಬೇರೆ ಬಾಗಿಲಿನಿಂದ. 2015ರಲ್ಲಿ ಕಬ್ಬಿನ ಬಾಕಿ, ಸಾಲ, ರೈತರ ಆತ್ಮಹತ್ಯೆಗಳಿಂದ ಮಂಡ್ಯ ಜಿಲ್ಲೆ ತತ್ತರಿಸಿತ್ತು. ಅದೇ ದಶಕದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಆರಂಭವಾಯಿತು. ನನ್ನ ಕಣ್ಣಿಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ‘ಯುವ ಸ್ಪಂದನ’. ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಕಟ್ಟಿದ ಈ ಯೋಜನೆಯಲ್ಲಿ ಸ್ಥಳೀಯ ಯುವಜನರೇ ತರಬೇತಿ ಪಡೆದು ‘ಯುವ ಪರಿವರ್ತಕ’ರಾಗುತ್ತಾರೆ. ಓದು, ಉದ್ಯೋಗ, ಪ್ರೇಮ, ಮನೆಯ ಜಗಳ, ಯಾವುದನ್ನು ಬೇಕಾದರೂ ಅವರ ಮುಂದೆ ಹೇಳಿಕೊಳ್ಳಬಹುದು. ಹೀಗೆಯೇ ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆಯಂಗಳದ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿಯೂ ದೊಡ್ಡ ಪದವಿಗಿಂತ ನೆರೆಹೊರೆಯ ನಂಟು ಕೆಲಸ ಮಾಡಿತು.

ಊರು ಬಲ್ಲವರೇ ಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸಾಲದಲ್ಲಿ ಮುಳುಗಿದ ರೈತನಿಗೆ ‘ಧೈರ್ಯವಾಗಿರಿ’ ಎಂದರೆ ಏನೂ ಆಗದು. ಸೊಸೈಟಿ ಸಾಲ ಎಷ್ಟು, ಕೈಸಾಲ ಎಷ್ಟು, ಗಿರವಿ ಇಟ್ಟ ಒಡವೆ ಯಾವುದು ಎಂದು ಅವನ ಕೈಯಲ್ಲೇ ಬರೆಸಬೇಕು. ಯಾವುದಕ್ಕೆ ಬಡ್ಡಿ ಬೇಗ ಬೆಳೆಯುತ್ತದೆ, ಯಾರ ಬಳಿ ಗಡುವು ಕೇಳಬಹುದು ಎಂದು ಜೊತೆಗೆ ಕೂತು ನೋಡಬೇಕು. ಹೆಂಡತಿಗೆ ತಿಳಿಯದ ಸಾಲವಿದ್ದರೆ ಅದನ್ನು ಹೇಳುವ ದಿನ ಗೊತ್ತುಮಾಡಿಸಬೇಕು. ನಾಲೆಗೆ ಯಾವಾಗ ನೀರು ಬಿಡುತ್ತಾರೆ, ಕಬ್ಬಿನ ದುಡ್ಡು ಎಷ್ಟು ತಡವಾಗುತ್ತದೆ ಎಂದು ತಿಳಿಯದವರು ಕೆ.ಆರ್. ಪೇಟೆಯವನಿಗೆ ಯಾವ ಯೋಜನೆ ಹಾಕಿಕೊಟ್ಟಾರು? ಹೆಣ್ಣುಮಕ್ಕಳಿಗೆ ಸಾಂತ್ವನ ಕೇಂದ್ರಗಳಿವೆ. ಆದರೆ ಅಲ್ಲಿಗೆ ಹೋದದ್ದು ಊರಿಗೆಲ್ಲ ಗೊತ್ತಾಗುವ ಭಯ ಇನ್ನೂ ಹೋಗಿಲ್ಲ. ಆ ಭಯಕ್ಕೆ ಫೋನು ಒಂದು ಉತ್ತರ: 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ 14416 ಸಹಾಯವಾಣಿಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಹಣ ಪಡೆಯುವ ಲೈಫ್ ಕೋಚ್‌ಗಳ ಮಾತು: ಜೀವನ ತರಬೇತುದಾರ ಎಂದು ಬೋರ್ಡು ಹಾಕಲು ಇಲ್ಲಿ ಯಾವ ಪರವಾನಗಿಯೂ ಬೇಕಿಲ್ಲ. ಸಾವಿರಾರು ರೂಪಾಯಿ ಕಟ್ಟುವ ಮುನ್ನ ಜನ ಅವರಿಗೆ ಒಂದು ಪ್ರಶ್ನೆ ಹಾಕಬೇಕು: ನಿಮ್ಮ ಕೈಮೀರಿದರೆ ನನ್ನನ್ನು ಎಲ್ಲಿಗೆ ಕಳಿಸುತ್ತೀರಿ? ವಾರಗಟ್ಟಲೆ ನಿದ್ದೆಯಿಲ್ಲದವನನ್ನು, ಸಾಯುವ ಮಾತಾಡುವವಳನ್ನು ಮಾತಿನಲ್ಲೇ ಉಳಿಸಿಕೊಳ್ಳುವವರು ಅಪಾಯಕಾರಿ. ಬೆಳ್ಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಅದೇ ದಿನ ಜೊತೆಯಲ್ಲಿ ಬಸ್ಸು ಹತ್ತುವವರನ್ನು ನಂಬಬಹುದು.